ಪುಟ್ಟಿಯ ಹಗ್ಗ ಹೊತ್ತು ಕೊಲಂಬೊ ಸುತ್ತಿದ ಶನಿವಾರ

ಕುಣಿಗಲ್ಲಿನ ನಮ್ಮ ಬೀದಿಯಿಂದ ಸಮುದ್ರ ದಾಟಿ ಬಂದವರು ಇಬ್ಬರೇ, ನಾನು ಮತ್ತು ರಂಗಪ್ಪಣ್ಣ. ಅವನು ಕುದುರೆ ಸಾಕುವ ಸೈಸ್. ನಾನು ಕುದುರೆಗೆ ಲಾಳ ಕಟ್ಟುವವನು. ತುಮಕೂರು ರಸ್ತೆಯ ಬದಿಗಿದ್ದ ಯಜಮಾನರ ಲಾಯದಲ್ಲಿ ಇಬ್ಬರಿಗೂ ಕೆಲಸ. ಕೊಲಂಬೊ ಹೇಗಿತ್ತು ಹೇಳಿ ಎಂದು ಈಗಲೂ ಕೇಳುವವರಿದ್ದಾರೆ. ಒಂದು ದಿನವೆಲ್ಲ ಊರು ಸುತ್ತಿದೆವು, ಸಮುದ್ರ ನೋಡಿದೆವು, ಸೀರೆ ಕೊಂಡೆವು. ಅದನ್ನೇ ಬರೆಯುತ್ತೇನೆ, ನಡೆದದ್ದು ನಡೆದ ಹಾಗೆ.

ಎಂಬತ್ತೆರಡನೆಯ ಇಸವಿ, ಶಿವರಾತ್ರಿಗೆ ಇನ್ನೂ ಮುಂಚೆ. ಯಜಮಾನರು ಪುಟ್ಟಿಯನ್ನು ಕೊಲಂಬೊದ ಒಬ್ಬ ದೊಡ್ಡ ಮನುಷ್ಯರಿಗೆ ಮಾರಿದ್ದರು. ಕಾಗದದಲ್ಲಿ ಅವಳಿಗೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಅದನ್ನು ಕೂಗಿದರೆ ಅವಳು ಕಿವಿಯನ್ನೂ ಆಡಿಸುತ್ತಿರಲಿಲ್ಲ. ಪುಟ್ಟಿ ಎಂದರೆ ಲಾಯದ ಆ ತುದಿಯಿಂದ ಓ ಎನ್ನುತ್ತಿದ್ದಳು. ಕಂದು ಬಣ್ಣ, ಹಣೆಯ ಮೇಲೆ ಬೆರಳಗಲದ ಬಿಳಿ. ಹುಟ್ಟಿದ ವಾರದಲ್ಲೇ ತಾಯಿ ಸತ್ತಿದ್ದಕ್ಕೆ ರಂಗಪ್ಪಣ್ಣನ ಹೆಂಡತಿ ತಿಮ್ಮಕ್ಕ ಹಸುವಿನ ಹಾಲು ಕುಡಿಸಿ ಬದುಕಿಸಿದ ಕುದುರೆ ಅದು. ಅವರ ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಗೂಳೂರಿಗೆ, ಇನ್ನೊಬ್ಬಳನ್ನು ಕಡಬಕ್ಕೆ ಕೊಟ್ಟಿದ್ದರು. “ಇದು ಮೂರನೇದು, ಇದ್ನ ಸಮುದ್ರದಾಚೆ ಕೊಡ್ತಾವ್ರೆ” ಎಂದು ರಂಗಪ್ಪಣ್ಣ ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗಿದ. ಹೇಳುವಾಗ ಹೆಮ್ಮೆಯೂ ಇತ್ತು, ಸಂಕಟವೂ ಇತ್ತು.

ಪಾಸ್‌ಪೋರ್ಟಿನ ಫೋಟೋ ತೆಗೆಸಿದ್ದು ತುಮಕೂರಿನ ಬಿ.ಎಚ್. ರಸ್ತೆಯ ಸ್ಟುಡಿಯೋದಲ್ಲಿ. ಅಲ್ಲಿ ಇದ್ದ ಒಂದೇ ಕರಿ ಕೋಟನ್ನು ಇಬ್ಬರೂ ಸರದಿಯ ಮೇಲೆ ಹಾಕಿಕೊಂಡೆವು. “ನಗಬೇಡಿ ಯಜಮಾನ್ರೆ, ಪಾಸ್‌ಪೋರ್ಟಿಗೆ ನಗಂಗಿಲ್ಲ” ಎಂದ ಫೋಟೋದವನು. “ನಾನ್ಯಾವಾಗ್ಲಾ ನಕ್ಕಿದ್ದೆ?” ಎಂದ ರಂಗಪ್ಪಣ್ಣ. ನಾನು ಓದಿದ್ದು ಐದನೆಯ ಕ್ಲಾಸು. ಅಪ್ಪ ಸುತ್ತಿಗೆ ಕೈಗೆ ಕೊಟ್ಟ ದಿನ ಸ್ಲೇಟು ಇಟ್ಟೆ. ಆದರೂ ಅರ್ಜಿಗೆ ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಹಾಕಿದೆ. ಪಕ್ಕದಲ್ಲಿ ಪ್ಯಾಂಟು ಹಾಕಿಕೊಂಡು ನಿಂತಿದ್ದವನು ಪೆನ್ನು ಕೇಳಿದಾಗ ಕೊಟ್ಟವನೂ ನಾನೇ.

ಮುಂದಿನದು ಅರ್ಥವಾಗಬೇಕಾದರೆ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಎತ್ತು, ಎಮ್ಮೆ, ಕುದುರೆ ಏನು ಮಾರಿದರೂ ನಾವು ಹಗ್ಗ ಮಾರುವುದಿಲ್ಲ. ಕೊಳ್ಳುವವನು ತನ್ನ ಹಗ್ಗ ತರಬೇಕು. ಹಳೆಯದನ್ನು ಬಿಚ್ಚಿಕೊಂಡು ಮನೆಗೆ ಬಂದರೆ, ಮನೆಯ ಹೆಂಗಸು ಬಾಗಿಲಲ್ಲಿ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಗೂಟಕ್ಕೆ ನೇತುಹಾಕುತ್ತಾಳೆ. ಪ್ರಾಣಿ ಹೋದರೂ ಲಕ್ಷ್ಮಿ ಉಳಿದಳು ಅನ್ನುವ ಲೆಕ್ಕ. ಹಗ್ಗ ಬಿಚ್ಚುವ ತನಕ ಪ್ರಾಣಿ ನಮ್ಮದು, ಬಿಚ್ಚಿದ ಮೇಲೆ ಕೊಂಡವನದು. ಪುಟ್ಟಿಯ ಮುಖಕ್ಕೆ ಹಾಕಿದ್ದುದು ಗುಬ್ಬಿ ಸಂತೆಯಿಂದ ತಂದ ಹತ್ತಿಯ ಹಗ್ಗ, ರಂಗಪ್ಪಣ್ಣ ತಾನೇ ಹೆಣೆದದ್ದು, ಗಲ್ಲದ ಕೆಳಗೆ ಒಂದು ಹಿತ್ತಾಳೆ ಗೆಜ್ಜೆ.

ಹೊರಟ ದಿನ ತಿಮ್ಮಕ್ಕ ಲಾರಿಯ ಹತ್ತಿರ ಬಂದು ಗಂಡನಿಗೆ ಹೇಳಿದಳು: “ಇಸ್ತ್ರಿ ಮಾಡಂಗಿಲ್ದಿರೋ ಫಾರಿನ್ ಸೀರೆ ಸಿಕ್ತದಂತೆ, ಒಂದು ತಗಂಬನ್ನಿ. ಸೀರೆ ಮರೆತ್ರೂ ಹಗ್ಗ ಮರೀಬ್ಯಾಡಿ.” ಪುಟ್ಟಿಯ ಮೂತಿಯನ್ನು ಒಂದು ಸಲ ಸವರಿ, ಹಿಂದೆ ನೋಡದೆ ಒಳಗೆ ಹೋದಳು.

ಲಾರಿಯಲ್ಲಿ ಬೆಂಗಳೂರು, ಸೇಲಂ, ಮಧುರೆ ದಾಟಿ ತೂತ್ತುಕುಡಿ. ನಾವೂ ಹಿಂದೆ ಹುಲ್ಲಿನ ಮೇಲೆ ಅವಳ ಜೊತೆಗೇ ಇದ್ದೆವು. ಮನೆಯಿಂದ ತಂದ ಹುರಿಹಿಟ್ಟಿಗೆ ಮಜ್ಜಿಗೆ ಕಲಸಿ ತಿಂದೆವು. ತೂತ್ತುಕುಡಿಯಿಂದ ಸರಕಿನ ಹಡಗು. ನನಗೆ ಹೊಟ್ಟೆ ತೊಳಸಿ ಬಂತು, ರಂಗಪ್ಪಣ್ಣನಿಗೂ ಬಂತು. ಪುಟ್ಟಿ ಮಾತ್ರ ಕುಣಿಗಲ್ ಕೆರೆ ಏರಿಯ ಮೇಲೆ ನಿಂತ ಹಾಗೆ ನಿಂತಿದ್ದಳು.

ಶುಕ್ರವಾರ ಮಧ್ಯಾಹ್ನ ಕೊಲಂಬೊದ ಬಂದರಿನಲ್ಲಿ ಅವಳನ್ನು ಇಳಿಸಿದೆವು. ಸಣ್ಣಗೆ ಮಳೆ ಬಿದ್ದು ನಿಂತಿತ್ತು. ಕೊಂಡವರ ಕಡೆಯಿಂದ ಮುರುಗೇಶ ಎಂಬ ಡ್ರೈವರು ಲಾರಿ ತಂದಿದ್ದ. ನಲವತ್ತು ದಾಟಿದ ತಮಿಳಿನವನು. ಬೆಂಗಳೂರಿನ ಲಾಯಗಳಲ್ಲಿ ದುಡಿದ ನನಗೆ ತಮಿಳು ಬರುತ್ತದೆ, ಹಾಗಾಗಿ ಮಾತಿಗೆ ತೊಂದರೆಯಾಗಲಿಲ್ಲ. ಆದರೆ ಅವನು ಹಗ್ಗ ತಂದಿರಲಿಲ್ಲ. “ಮುಖದಲ್ಲಿ ಒಂದು ಇದೆಯಲ್ಲ, ಅದರಲ್ಲೇ ಹತ್ತಿಸಿ” ಎಂದ. ರಂಗಪ್ಪಣ್ಣ ಒಪ್ಪಲಿಲ್ಲ. “ಹಗ್ಗದ ಸಮೇತ ಕೊಡೋ ವಂಶ ಅಲ್ಲ ನಮ್ದು. ತರೋಕ್ ಹೇಳು.” ಮುರುಗೇಶ ಗೊಣಗುತ್ತ ಲಾರಿಯ ಸಾಮಾನು ಬಿಗಿಯುವ ನೈಲಾನ್ ಹಗ್ಗ ತಂದು ಕುಣಿಕೆ ಮಾಡಿದ. ರಂಗಪ್ಪಣ್ಣ ಹತ್ತಿ ಹಗ್ಗ ಬಿಚ್ಚಿ ತನ್ನ ಹೆಗಲಿಗೆ ಹಾಕಿಕೊಂಡ. ನೈಲಾನ್ ಕುಣಿಕೆ ಇನ್ನೂ ಬಿಗಿಯಾಗಿರಲಿಲ್ಲ, ಪಕ್ಕದ ಹಡಗು ಕೂಗು ಹಾಕಿತು. ಪುಟ್ಟಿ ತಲೆ ಎತ್ತಿ ಎಗರಿದಳು. ಕುಣಿಕೆ ಜಾರಿತು. ಒದ್ದೆ ಕಲ್ಲಿನ ಮೇಲೆ ಓಡಿದವಳ ಹಿಂಗಾಲು ಅಲ್ಲಿನ ರೈಲು ಹಳಿಯ ಸಂದಿಗೆ ಸಿಕ್ಕಿಕೊಂಡಿತು. ಶಬ್ದ ನನಗೆ ಕೇಳಿಸಿತು. ಅದನ್ನು ಬರೆಯುವುದಿಲ್ಲ.

ಆ ರಾತ್ರಿ ದೆಹಿವಲ ಎಂಬ ಕಡೆ, ಸಮುದ್ರದ ಹತ್ತಿರದ ಅವರ ಲಾಯದಲ್ಲಿ, ಹೊಟ್ಟೆಯ ಕೆಳಗೆ ಕ್ಯಾನ್ವಾಸು ಕೊಟ್ಟು ತೊಲೆಗೆ ಅವಳನ್ನು ತೂಗಿಸಿ ನಿಲ್ಲಿಸಿದರು. ಕಾಲಿಗೆ ಪಟ್ಟಿ ಕಟ್ಟಿದರು. ನಾವು ಅಲ್ಲೇ ಹುಲ್ಲಿನ ಮೇಲೆ ಮಲಗಿದೆವು.

ಶನಿವಾರ ಬೆಳಿಗ್ಗೆ ಡಾಕ್ಟರು ಬಂದರು. ನರೆತ ಕೂದಲಿನ, ಮೆತ್ತಗೆ ಮಾತಾಡುವ ಸಿಂಹಳದವರು. ಅವರು ಹೇಳಿದ್ದನ್ನು ಮುರುಗೇಶ ತಮಿಳಿನಲ್ಲಿ ನನಗೆ ಹೇಳಿದ, ನಾನು ರಂಗಪ್ಪಣ್ಣನಿಗೆ ಹೇಳಿದೆ. ಮೂಳೆ ಬರೀ ಬಿರಿದಿದ್ದರೆ ಉಳಿಸಬಹುದು, ಪೂರಾ ಮುರಿದಿದ್ದರೆ ಆಗುವುದಿಲ್ಲ. ಎಕ್ಸ್‌ರೇ ತೆಗೆಯಬೇಕು, ಮಧ್ಯಾಹ್ನದ ಹೊತ್ತಿಗೆ ಗೊತ್ತಾಗುತ್ತದೆ. ಆದರೆ ಈ ಮುದುಕ ಎದುರಿಗೆ ನಿಂತರೆ ಕುದುರೆ ಇವನ ಕಡೆ ಬರಲು ಕಾಲು ಊರುತ್ತದೆ. ನೀವಿಬ್ಬರೂ ಪೇಟೆಗೆ ಹೋಗಿ, ಊರು ನೋಡಿ. ಇಲ್ಲಿರಬೇಡಿ.

“ನಾನ್ ಹೋಗಕಿಲ್ಲ” ಎಂದ ರಂಗಪ್ಪಣ್ಣ. “ಸಾಯಂಗಿದ್ರೆ ನನ್ ಎದುರ್ಗೇ ಸಾಯ್ಲಿ. ಬದುಕಂಗಿದ್ರೆ ನಾನೇ ನಿಂತ್ಕಂಡ್ ಬದುಕುಸ್ತೀನಿ. ಅವರ್ಗೆ ಹೇಳು.”

ನಾನು ಹೇಳಿದೆ. ಕೊಂಡವರ ಮ್ಯಾನೇಜರು ಪಕ್ಕದಲ್ಲೇ ಇದ್ದರು. ಅವರು ಸಿಟ್ಟಾಗಲಿಲ್ಲ. “ನಿನ್ನೆ ನಿಮ್ಮ ಹಗ್ಗ ನೀವೇ ಬಿಚ್ಚಿಕೊಂಡಿರಲ್ಲ, ಈಗ ಕುದುರೆ ನಮ್ಮದು. ತೀರ್ಮಾನವೂ ನಮ್ಮದು” ಎಂದು ಅಷ್ಟೇ ಹೇಳಿದರು. ರಂಗಪ್ಪಣ್ಣನದೇ ಪದ್ಧತಿ, ಅವನದೇ ಮಾತು. ಅವನು ಅಂಗಿಯ ಗುಂಡಿ ಹಾಕಿಕೊಂಡು, ಹಗ್ಗವನ್ನು ಸುತ್ತಿ ಹೆಗಲಿಗೇರಿಸಿ ಹೊರಗೆ ಬಂದ. ಪುಟ್ಟಿ ಹಿಂದಿನಿಂದ ಕೂಗಿದಳು. ಗೆಜ್ಜೆಯ ಸದ್ದಿಗೆ ಕೂಗಿದಳು. ರಂಗಪ್ಪಣ್ಣ ಗೆಜ್ಜೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಡೆದ.

ಹೀಗೆ ಶುರುವಾಯಿತು ನಮ್ಮ ಕೊಲಂಬೊ ಪ್ರವಾಸ. ಮ್ಯಾನೇಜರು ಮುರುಗೇಶನನ್ನೇ ಜೊತೆಗೆ ಕಳಿಸಿದ್ದರು. ಸ್ಟೇಷನ್ನಿನ ಹತ್ತಿರದ ಅಂಗಡಿಯಲ್ಲಿ ತಿಂಡಿ. ಬೋಗುಣಿಯ ಆಕಾರದ ದೋಸೆ, ಅಪ್ಪ ಎನ್ನುತ್ತಾರೆ, ಅಂಚು ಗರಿಗರಿ, ನಡುವೆ ಮೆತ್ತಗೆ. ಜೊತೆಗೆ ಕೆಂಪನೆಯ ಕಾಯಿ ಚಟ್ನಿ. ನಾಲಗೆಗೆ ಹತ್ತಿತು. ಎರಡನೆಯದು ತಿನ್ನುವಾಗ ಮುರುಗೇಶ ಹೇಳಿದ, ಚಟ್ನಿಯಲ್ಲಿ ಒಣ ಮೀನಿನ ಪುಡಿ ಇದೆ ಎಂದು. ರಂಗಪ್ಪಣ್ಣ ಶನಿವಾರ ಮೀನು ಮಾಂಸ ಮುಟ್ಟುವವನಲ್ಲ. ತಟ್ಟೆ ದೂಡಿದ. “ಇವತ್ತೇ ಆಗ್ಬೇಕಿತ್ತಾ ಇದು? ಇವತ್ತೇ ಆಗ್ಬೇಕಿತ್ತಾ?” ಎಂದು ಎರಡು ಸಲ ಅಂದ. ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದ. ಅಲ್ಲಿ ಟೀಗೆ ಹಾಲು ಸಕ್ಕರೆ ಹಾಕದೆ, ಬೆಲ್ಲದ ಚೂರು ಕಚ್ಚಿಕೊಂಡು ಕುಡಿಯುತ್ತಾರೆ. ಅದೊಂದನ್ನು ಕುಡಿದ.

ದೆಹಿವಲದಿಂದ ಕೋಟೆ ಸ್ಟೇಷನ್ನಿಗೆ ರೈಲು. ಟಿಕೇಟು ಮುರುಗೇಶನೇ ತೆಗೆದ, ನಾನು ಕೊಟ್ಟ ದುಡ್ಡು ಮುಟ್ಟಲಿಲ್ಲ. ದಾರಿಯುದ್ದಕ್ಕೂ ಹಳಿಯ ಪಕ್ಕವೇ ಸಮುದ್ರ. ಅಲೆಯ ನೀರು ಕಿಟಕಿಗೆ ಸಿಡಿಯುತ್ತದೋ ಎನ್ನುವಷ್ಟು ಹತ್ತಿರ. ಜನ ಬಾಗಿಲಿಗೆ ಜೋತುಬಿದ್ದು ಹೋಗುತ್ತಿದ್ದರು. ಅಂಥ ರೈಲು ದಾರಿ ನಾನು ಮತ್ತೆ ಎಲ್ಲೂ ಕಂಡಿಲ್ಲ. “ನೋಡಣ್ಣ, ಎಷ್ಟು ನೀರು” ಎಂದೆ. ರಂಗಪ್ಪಣ್ಣ ಆ ಕಡೆ ಮುಖ ಮಾಡಿ ಕೂತಿದ್ದ, ಆದರೆ ನೋಡುತ್ತಿರಲಿಲ್ಲ. “ಕುಡಿಯಕ್ ಬರಲ್ವಲ್ಲ. ಇದ್ದೇನ್ ಬಂತು” ಎಂದ.

ಸ್ಟೇಷನ್ನಿನಿಂದ ಸಮುದ್ರದ ಬಯಲಿಗೆ ನಡೆದೆವು. ಉದ್ದಕ್ಕೆ ಹುಲ್ಲುಗಾವಲು, ಒಂದು ತುದಿಗೆ ಹಳೆಯ ದೊಡ್ಡ ಹೋಟೆಲು. ಜನ ಗಾಳಿಪಟ ಹಾರಿಸುತ್ತಿದ್ದರು. ಬಿಸಿಲು ಏರಿತ್ತು, ಗಾಳಿ ಉಪ್ಪುಪ್ಪು. ಅಲ್ಲಿ ಒಬ್ಬನು ಸಣ್ಣ ಕುದುರೆಯೊಂದನ್ನು ಹಿಡಿದು ಸವಾರಿ ಮಾಡಿಸುತ್ತಿದ್ದ. ನಾನು ದಾರಿ ಬದಲಿಸಲು ನೋಡಿದೆ. ಆಗಲಿಲ್ಲ. ರಂಗಪ್ಪಣ್ಣ ಸೀದಾ ಅದರ ಹತ್ತಿರ ಹೋಗಿ ಬಗ್ಗಿ ಅದರ ಕಾಲು ಎತ್ತಿದ. ಕುದುರೆಯವನು ಏನೋ ಕೂಗಿದ.

“ಲೋ ಕೆಂಪಯ್ಯ, ಈ ಗೊರಸು ನೋಡ್ಲಾ. ಕೆತ್ತಿ ಎಷ್ಟ್ ತಿಂಗಳಾಯ್ತೋ. ಇವನ್ಗೆ ಹೇಳು, ಹಿಂಗಿಟ್ರೆ ಕುಂಟ್ತದೆ ಅಂತ.”

“ಅವನ ಕುದುರೆ ಬುಡಣ್ಣ, ನಮಗ್ಯಾಕೆ?”

“ಅವನ ಕುದುರೆ ಸರಿ ಕಣಯ್ಯ. ಕಾಲು ಕುದುರೇದಲ್ವಾ?”

ಮುರುಗೇಶ ಆ ಮನುಷ್ಯನಿಗೆ ಸಿಂಹಳದಲ್ಲಿ ಏನೋ ಹೇಳಿ ಸಮಾಧಾನ ಮಾಡಿದ. ಅಲ್ಲಿಂದ ಸ್ವಲ್ಪ ದೂರ ಬಂದ ಮೇಲೆ ನನ್ನೊಬ್ಬನಿಗೇ ಕೇಳುವ ಹಾಗೆ ಹೇಳಿದ: “ಅಣ್ಣೇ, ಕುಣಿಕೆ ಹಾಕಿದ್ದು ನಾನು. ಸಾಮಾನು ಕಟ್ಟುವ ಗಂಟು ಹಾಕಿದೆ. ಪ್ರಾಣಿಗೆ ಕಟ್ಟುವ ಗಂಟು ನನಗೆ ಬರುವುದಿಲ್ಲ. ಬರುವುದಿಲ್ಲ ಎಂದು ಹೇಳಬೇಕಿತ್ತು.” ರಂಗಪ್ಪಣ್ಣನಿಗೆ ಇದನ್ನು ಹೇಳಬೇಡ ಎಂದೆ. ಅವನು ಬೈದರೂ ಕಷ್ಟ, ಬೈಯದಿದ್ದರೆ ಇನ್ನೂ ಕಷ್ಟ.

ಆಮೇಲೆ ಪೇಟೆ. ಪೆಟ್ಟಾ ಎನ್ನುತ್ತಾರೆ, ನಮ್ಮ ಬೆಂಗಳೂರಿನ ಚಿಕ್ಕಪೇಟೆಯ ಹಾಗೆ ಗಲ್ಲಿಗೊಂದು ಬಗೆಯ ವ್ಯಾಪಾರ. ಒಂದು ಗಲ್ಲಿಯೆಲ್ಲ ಜಪಾನಿನ ರೇಡಿಯೋ, ಟೇಪ್ ರೆಕಾರ್ಡರ್, ಗಡಿಯಾರ. ಇನ್ನೊಂದು ಗಲ್ಲಿ ಬಟ್ಟೆ. ನನ್ನ ಮಗಳಿಗೆ ಮಡಿಸುವ ಛತ್ರಿ ಕೊಂಡೆ. ಗುಂಡಿ ಒತ್ತಿದರೆ ತಾನೇ ಬಿಚ್ಚಿಕೊಳ್ಳುವಂಥದು, ಕುಣಿಗಲ್ಲಿನಲ್ಲಿ ಆಗ ಯಾರ ಹತ್ತಿರವೂ ಇರಲಿಲ್ಲ. ಯಜಮಾನರ ಮನೆಯವರಿಗೆ ಲವಂಗ, ಚಕ್ಕೆ, ಟೀ ಪುಡಿ. ಸೀರೆ ಅಂಗಡಿಯಲ್ಲಿ ರಂಗಪ್ಪಣ್ಣನ ಮುಂದೆ ಹತ್ತಾರು ಸೀರೆ ಹರವಿದರು. ಅವನು ಒಂದನ್ನೂ ಮುಟ್ಟದೆ ನಿಂತ. “ನೀನೇ ಆರಿಸು. ಅವಳ್ಗೆ ಏನ್ ಒಪ್ತದೆ ಅಂತ ನಂಗೇನ್ ಗೊತ್ತು?” ನಾನು ಕಂದು ಬಣ್ಣದ್ದು ತೆಗೆದೆ. ಅವನು ಅದನ್ನು ನೋಡಿ, ಬೇರೆ ಬಣ್ಣ ತೆಗಿ ಎಂದ. ಆಗ ನನಗೆ ಹೊಳೆಯಿತು, ಅದು ಪುಟ್ಟಿಯ ಬಣ್ಣ. ನೀಲಿಯದು ಕಟ್ಟಿಸಿದೆ.

ಚೆಟ್ಟಿಯಾರ್ ಬೀದಿಯಲ್ಲಿ ಸುಬ್ರಹ್ಮಣ್ಯನ ಗುಡಿಯಿದೆ. ಬಾಗಿಲಲ್ಲಿ ಕಾಯಿ ಮಾರುತ್ತಿದ್ದ ಹೆಂಗಸು ಒಂದನ್ನು ಎತ್ತಿ ಕೊಟ್ಟಳು. ರಂಗಪ್ಪಣ್ಣ ಅದನ್ನು ವಾಪಸ್ಸಿಟ್ಟು, ರಾಶಿಯಲ್ಲಿ ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಿನಲ್ಲಿ ಹೊಡೆದು ನೋಡತೊಡಗಿದ. ಆ ಹೆಂಗಸಿಗೆ ರೇಗಿತು. “ಇಷ್ಟು ನೋಡಿ ಹೆಣ್ಣೂ ತರುವುದಿಲ್ಲ” ಎಂದಳು ತಮಿಳಿನಲ್ಲಿ. ನಾನು ನಕ್ಕು, ಇವನು ಹುಟ್ಟಿದ್ದು ಗುಬ್ಬಿಯಲ್ಲಿ ಕಣಮ್ಮ, ತೆಂಗಿನ ಸೀಮೆಯಲ್ಲಿ ಎಂದೆ. “ಗುಬ್ಬಿ ಎಲ್ಲಿದೆಯೋ ಏನೋ, ಕಾಯಿ ಎಲ್ಲ ಕಡೆಯೂ ಕಾಯಿಯೇ” ಎಂದಳು. ಆ ದಿನದಲ್ಲಿ ನಾನು ನಕ್ಕಿದ್ದು ಅದೊಂದೇ. ರಂಗಪ್ಪಣ್ಣ ಆರಿಸಿದ ಕಾಯಿಯನ್ನು ಕಲ್ಲಿಗೆ ಹೊಡೆದ. ನಡುಮಧ್ಯಕ್ಕೆ, ಬಳಪದಲ್ಲಿ ಗೆರೆ ಎಳೆದ ಹಾಗೆ ಸೀಳಿತು. ಒಳಗೆ ಹಾಲಿನಂಥ ಬಿಳುಪು. ಅವನ ಮುಖ ಬೆಳಗಿನಿಂದ ಮೊದಲ ಸಲ ಸಡಿಲವಾಯಿತು.

“ಬರೀ ಬಿರುಕು ಕಣೋ. ಮುರಿದಿಲ್ಲ. ನೋಡ್ತಿರು” ಎಂದ. ಹೊಟ್ಟೆ ಹಸಿಯುತ್ತಿದೆ ಎಂದೂ ಹೇಳಿದ. ತಕ್ಷಣ ಇನ್ನೊಂದು ನೆನಪಾಯಿತು. “ಅವಳು ಇಲ್ಲಿ ಮೇವು ಮೂಸಿನೂ ನೋಡ್ನಿಲ್ಲ. ಬೇಯ್ಸಿದ ಹುರುಳಿ ಇಟ್ರೆ ತಿಂತಾಳೆ. ಇಲ್ಲಿ ಹುರುಳಿ ಸಿಕ್ತದಾ ಕೇಳು.”

ಸಿಗುತ್ತದೆ. ಅಲ್ಲೂ ತಮಿಳರು ಹುರುಳಿಯನ್ನು ‘ಕೊಳ್ಳು’ ಎಂಬ ಹೆಸರಿನಲ್ಲಿ ಮಾರುತ್ತಾರೆ. ಹತ್ತಿರದಲ್ಲೇ ದವಸದ ಅಂಗಡಿ, ಅಂಗಡಿಯಲ್ಲಿ ಫೋನೂ ಇತ್ತು. ಮಧ್ಯಾಹ್ನವಾಗಿತ್ತು. ಮುರುಗೇಶ ಫೋನು ಮಾಡುತ್ತೇನೆಂದು ಒಳಗೆ ಹೋದ. ರಂಗಪ್ಪಣ್ಣ ಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತು ಹುರುಳಿಯನ್ನು ಅಂಗೈಗೆ ಹಾಕಿಕೊಂಡು ಊದಿದ, ಒಂದು ಕಾಳು ಕಡಿದು ನೋಡಿದ. “ನಮ್ ಹುರುಳಿಗಿಂತ ಸಣ್ಣ. ಹಳೇದು. ಇರ್ಲಿ, ನಾಕು ಸೇರು ಹಾಕು ಅನ್ನು. ನೆನಸಿ ಬೇಯ್ಸಿದ್ರೆ ಮೆತ್ತಗಾಯ್ತದೆ.”

ಅಂಗಡಿಯವನು ಅಳೆಯುತ್ತಿದ್ದ. ಮುರುಗೇಶ ಹೊರಗೆ ಬಂದು ಕಂಬ ಹಿಡಿದು ನಿಂತ. ನಾನು ಅವನ ಹತ್ತಿರ ಹೋದೆ. ಪೂರಾ ಮುರಿದಿತ್ತಂತೆ, ಎರಡು ಕಡೆ. ಡಾಕ್ಟರು ಕಾಯಲಿಲ್ಲ. ಇಂಜೆಕ್ಷನ್ ಕೊಟ್ಟಾಗಿದೆ. ಸಾಯಂಕಾಲ ಹಿತ್ತಲಲ್ಲಿ ಹೂಳುತ್ತಾರೆ. “ಈಗ ಹೇಳಬೇಡ ಅಣ್ಣೇ” ಎಂದ ಮುರುಗೇಶ. “ಊಟವಾದರೂ ಮಾಡಲಿ. ಬೆಳಗಿನ ತಿಂಡಿಯನ್ನೂ ಅರ್ಧಕ್ಕೇ ಬಿಟ್ಟ.”

ಊಟ ಮಾಡಿಸಿ ಹೇಳುವುದೇ? ಹೊಟ್ಟೆ ತುಂಬಿದ ಮೇಲೆ ಹೇಳಿದರೆ, ಅವಳು ಅಲ್ಲಿ ಸತ್ತು ಬಿದ್ದಿರುವಾಗ ನನಗೆ ಅನ್ನ ಇಕ್ಕಿಸಿದೆಯಲ್ಲೋ ಎಂದು ಅವನು ಸಾಯುವ ತನಕ ಅಂದುಕೊಳ್ಳುತ್ತಾನೆ. ನಾನಾಗಿದ್ದರೂ ಅಂದುಕೊಳ್ಳುತ್ತಿದ್ದೆ. ಹೋಗಿ ಅವನ ಪಕ್ಕದಲ್ಲಿ ಕೂತೆ. “ರಂಗಪ್ಪಣ್ಣ, ಹೋಯ್ತು” ಎಂದೆ.

ಅವನು ನನ್ನನ್ನು ನೋಡಲಿಲ್ಲ. ಅಂಗೈಯಲ್ಲಿದ್ದ ಹುರುಳಿಯನ್ನು ಚೀಲಕ್ಕೆ ಬಿಟ್ಟ. ಅಂಗಡಿಯವನಿಗೂ ವಿಷಯ ತಿಳಿಯಿತು, ಮುರುಗೇಶ ಹೇಳಿರಬೇಕು. ಅಳೆದದ್ದನ್ನು ರಾಶಿಗೆ ಸುರಿಯಲು ಹೋದ.

“ಬ್ಯಾಡ” ಎಂದ ರಂಗಪ್ಪಣ್ಣ. “ಅವಳ ಹೆಸರಲ್ಲಿ ಅಳೆದದ್ದು. ವಾಪಸ್ ಸುರೀಬಾರದು. ಕಟ್ಟು ಅನ್ನು.”

ಮತ್ತೆ ಅದೇ ರೈಲು, ಅದೇ ಸಮುದ್ರ, ಈಗ ಇನ್ನೊಂದು ಕೈಗೆ. ಗಾಡಿಯಲ್ಲಿ ಕೂರಲು ಜಾಗವಿರಲಿಲ್ಲ. ಅವನು ಹುರುಳಿಯ ಚೀಲವನ್ನು ಎದೆಗೊತ್ತಿಕೊಂಡು, ಹೆಗಲಿಗೆ ಹಗ್ಗ ಹಾಕಿಕೊಂಡು ನಿಂತೇ ಬಂದ. ಗೆಜ್ಜೆಯನ್ನು ಹಿಡಿದುಕೊಳ್ಳಲು ಕೈ ಬಿಡುವಿರಲಿಲ್ಲ. ರೈಲು ಕುಲುಕಿದಾಗಲೆಲ್ಲ ಅದು ಸದ್ದು ಮಾಡುತ್ತಿತ್ತು. ಜನ ತಿರುಗಿ ನೋಡುತ್ತಿದ್ದರು.

ಲಾಯದ ಹಿಂದೆ ತೆಂಗಿನ ಮರಗಳ ನಡುವೆ ಗುಂಡಿ ತೋಡಿದ್ದರು. ಮರಳು ಮಣ್ಣು, ಅಂಚು ಕುಸಿಯುತ್ತಿತ್ತು. ಪಕ್ಕದಲ್ಲಿ ಪುಟ್ಟಿ. ಮೇಲೆ ತಾಡಪಾಲು ಹೊದಿಸಿದ್ದರು. ಡಾಕ್ಟರು ಇನ್ನೂ ಇದ್ದರು, ನಮ್ಮನ್ನು ನೋಡಿ ಟೋಪಿ ತೆಗೆದರು. ರಂಗಪ್ಪಣ್ಣ ಮೊದಲು ಲಾಯದೊಳಗೆ ಹೋದ. ಅಲ್ಲಿದ್ದ ಬೇರೆ ಕುದುರೆಗಳ ಮುಂದೆ ಒಂದಕ್ಕೂ ಕಡಿಮೆಯಾಗದ ಹಾಗೆ ಹುರುಳಿ ಹಂಚಿದ. ಆಮೇಲೆ ಬಂದು ತಾಡಪಾಲು ಸರಿಸಿ, ಅವಳ ತಲೆಯ ಹತ್ತಿರ ಕೂತು, ಹೆಗಲಿನಿಂದ ಹಗ್ಗ ತೆಗೆದ.

ಏನು ಮಾಡುತ್ತಾನೆಂದು ನನಗೆ ಗೊತ್ತಾದದ್ದು ಅವನು ಕಿವಿಯ ಹಿಂದೆ ಹಗ್ಗ ದಾಟಿಸಿದಾಗ. “ಅಣ್ಣ, ಹಗ್ಗ ಮನೆಗೆ ತಗಂಡ್ ಹೋಗ್ಬೇಕಲ್ವಾ? ತಿಮ್ಮಕ್ಕ ಏನಂತಾಳೆ?”

“ತಿಮ್ಮಕ್ಕನ್ನ ನಾನ್ ನೋಡ್ಕತೀನಿ. ತಲೆ ಎತ್ತು, ಒಂದ್ ಕೈ ಹಿಡಿ.”

ನಾನು ತಲೆ ಎತ್ತಿ ಹಿಡಿದೆ. ಎಷ್ಟು ಭಾರ. ಅವನು ದಿನಾ ಬೆಳಿಗ್ಗೆ ಕಟ್ಟುವ ಹಾಗೆಯೇ ಕಟ್ಟಿದ. ಮೂಗಿನ ಮೇಲೆ ಎರಡು ಬೆರಳು ಆಡುವಷ್ಟು ಸಡಿಲ ಬಿಟ್ಟು, ಗಲ್ಲದ ಕೆಳಗೆ ಗಂಟು ಹಾಕಿ, ಗೆಜ್ಜೆಯನ್ನು ನೇರಕ್ಕೆ ತಂದ. ಮುರುಗೇಶ ಹತ್ತಿರ ಬಂದು ಆ ಗಂಟನ್ನೇ ನೋಡುತ್ತ ನಿಂತಿದ್ದ. ರಂಗಪ್ಪಣ್ಣ ತಲೆ ಎತ್ತಿ ಅವನನ್ನು ನೋಡಿದ. ಗಂಟನ್ನು ಬಿಚ್ಚಿ, ಅವನಿಗೆ ಕಾಣುವ ಹಾಗೆ ನಿಧಾನಕ್ಕೆ ಮತ್ತೊಮ್ಮೆ ಹಾಕಿ ತೋರಿಸಿದ.

ಮಣ್ಣು ಎಳೆಯುವಾಗ ಗೆಜ್ಜೆ ಒಂದು ಸಲ ಸದ್ದು ಮಾಡಿತು.

ಮಾರನೆಯ ದಿನ ಕೊಲಂಬೊದಿಂದ ರೈಲಿನಲ್ಲಿ ತಲೈಮನ್ನಾರ್, ಅಲ್ಲಿಂದ ದೋಣಿಯಂಥ ಸಣ್ಣ ಹಡಗಿನಲ್ಲಿ ರಾಮೇಶ್ವರ. ಸಮುದ್ರ ತಟ್ಟೆಯಲ್ಲಿಟ್ಟ ನೀರಿನ ಹಾಗೆ ಸುಮ್ಮನಿತ್ತು. ರಾಮೇಶ್ವರದ ಕಸ್ಟಮ್ಸಿನವರು ನನ್ನ ಛತ್ರಿಯನ್ನು ಬಿಚ್ಚಿ ಮುಚ್ಚಿ ಬಿಚ್ಚಿ ನೋಡಿದರು. ರಂಗಪ್ಪಣ್ಣನ ಚೀಲದಲ್ಲಿ ನೀಲಿ ಸೀರೆಯೊಂದು ಬಿಟ್ಟು ಏನೂ ಇರಲಿಲ್ಲ. ಅಷ್ಟು ದೂರ ಬಂದು ದೇವರ ದರ್ಶನ ಮಾಡೋಣವೇ ಎಂದೆ. “ಕಾಯಿ ಒಡೆದು ನೋಡಿದ್ನಲ್ಲ, ಸಾಕು” ಎಂದ. ಮಧುರೆ, ಬೆಂಗಳೂರು, ತುಮಕೂರು, ಅಲ್ಲಿಂದ ಕುಣಿಗಲ್ ಬಸ್ಸು. ಲಾಯ ತುಮಕೂರು ರಸ್ತೆಯಲ್ಲಲ್ಲವೇ, ಆ ಕಡೆಯಿಂದ ಬಂದರೆ ಬಾಗಿಲಲ್ಲೇ ಇಳಿಯಬಹುದು. ಬಸ್ಸಿನಲ್ಲಿ ಪರಿಚಯದವನೊಬ್ಬ, “ಏನ್ ರಂಗಪ್ಪ, ಫಾರಿನ್ನಿಂದ ಬರ್ತಾ ಇದೀಯಂತೆ, ನಮ್ಗೇನ್ ತಂದೆ?” ಎಂದ. ರಂಗಪ್ಪಣ್ಣ ಸೀರೆಯ ಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡ.

ಯಜಮಾನರಿಗೆ ತಂತಿ ಬಂದಿತ್ತು. ಆದರೆ ತಿಮ್ಮಕ್ಕನಿಗೆ ಯಾರೂ ಹೇಳಿರಲಿಲ್ಲ. ಹೇಳುವ ಧೈರ್ಯ ಲಾಯದಲ್ಲಿ ಯಾರಿಗೂ ಆಗಿರಲಿಲ್ಲ. ಲಾಯದ ಆಳುಗಳಿಗೆಂದು ಕಟ್ಟಿಸಿದ ಲೈನಿನ ಮನೆಯ ಬಾಗಿಲಲ್ಲಿ ಅವಳು ತಟ್ಟೆಯಲ್ಲಿ ಅರಿಶಿನ ಕುಂಕುಮ, ಚೊಂಬಿನಲ್ಲಿ ನೀರು ಇಟ್ಟುಕೊಂಡು ನಿಂತಿದ್ದಳು. ಗೋಡೆಯ ಗೂಟವನ್ನು ತೊಳೆದು ಹಣೆಗಿಡುವ ಹಾಗೆ ಅದಕ್ಕೂ ಬೊಟ್ಟು ಇಟ್ಟಿದ್ದಳು. ಗಂಡನ ಹೆಗಲು ನೋಡಿದಳು, ಕೈ ನೋಡಿದಳು.

“ಹಗ್ಗ ಎಲ್ಲಿ?”

“ಅವಳ ಮುಖದಾಗೇ ಬುಟ್ ಬಂದೆ ಕಣೆ.”

ಅವಳು ನನ್ನ ಕಡೆ ತಿರುಗಿದಳು. ನಾನು ಹೇಳಿದೆ. ಬಂದರು, ಕಾಲು, ಇಂಜೆಕ್ಷನ್ನು, ಎಲ್ಲ ನಾಲ್ಕು ಮಾತಿನಲ್ಲಿ. ಅವಳು ಅಳಲಿಲ್ಲ. ತಟ್ಟೆಯನ್ನು ಕೆಳಗಿಟ್ಟಳು.

“ಹಗ್ಗ ಹಾಕಿ ಮಣ್ಣು ಮಾಡಿದ್ರಾ?”

“ಹೂಂ.”

“ಅಂದ್ರೆ ಮಾರಿಲ್ಲ ಅನ್ನಿ.”

“ಮಾರಿಲ್ಲ” ಎಂದ ರಂಗಪ್ಪಣ್ಣ.

ಅವಳು ಒಳಗೆ ಹೋಗಿ ನೀರಿನ ಕೊಳದಪ್ಪಲೆ ಹೊತ್ತು ತಂದು ಅಂಗಳದ ಕಲ್ಲಿನ ಮೇಲಿಟ್ಟಳು. “ನಮ್ ಮನೆ ಸಾವು ಅದು. ಮಣ್ಣು ಮಾಡಿ ಬಂದವ್ರು ಹಂಗೇ ಒಳಕ್ ಬರಂಗಿಲ್ಲ. ತಲೆ ಮೇಲೆ ನೀರ್ ಹುಯ್ಕಳಿ. ಕೆಂಪಯ್ಯ, ನೀನೂವೆ.”

ಛತ್ರಿ, ಲವಂಗ, ನೀಲಿ ಸೀರೆ ಎಲ್ಲವನ್ನೂ ಜಗಲಿಯ ಮೇಲಿಟ್ಟು ನಾವಿಬ್ಬರೂ ಅಂಗಿ ಬಿಚ್ಚಿದೆವು. ರಂಗಪ್ಪಣ್ಣನ ಎಡ ಹೆಗಲಿನ ಮೇಲೆ ಹಗ್ಗ ಉಜ್ಜಿದ ಗೆರೆ ಇನ್ನೂ ಕೆಂಪಗಿತ್ತು. ನೀರು ಬಿದ್ದಾಗ ಅವನು ಆ ಹೆಗಲನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ.